ಹಗ್ಗ ಹಿಡಿಯಲು ಒಬ್ಬ ಮೇಷ್ಟ್ರು

ಫೆಬ್ರವರಿ ಮೂವತ್ತು, ೨೨೧೯

ನಿಮ್ಮ ಕಾಲದ ಮೇಷ್ಟ್ರುಗಳಿಗೆ, ಟೀಚರಮ್ಮಂದಿರಿಗೆ ನಮಸ್ಕಾರ.

ತಾರೀಖು ನೋಡಿ ನಗಬೇಡಿ. ನಮ್ಮ ಕಾಲದಲ್ಲಿ ತಿಂಗಳುಗಳನ್ನೆಲ್ಲ ಸರಿಸಮ ಮಾಡಿದ್ದಾರೆ. ಮಾತುಗಳೂ ಅಲ್ಲಲ್ಲಿ ಬದಲಾಗಿವೆ, ವಿಚಿತ್ರವೆನಿಸಿದರೆ ಮನ್ನಿಸಿ. ಈ ಕತೆಯನ್ನು ಮೊದಲು ಹೇಳಿದವಳು ನಮ್ಮೂರ ನೀಲವ್ವ, ಸುರಂಗದ ನೀರು ಮರಳಿ ಬಂದ ವಾರದ ಸಂತೆಯಲ್ಲಿ, ಪಕ್ಕದೂರಿನ ಮೇಷ್ಟ್ರುಗಳ ಮುಂದೆ.

ನಮ್ಮೂರು ಗುಡ್ಡದ ಮೇಲಿದೆ. ಕುಡಿಯುವ ನೀರು ಗುಡ್ಡದೊಳಗಿನ ಸುರಂಗದಿಂದ ಬರುತ್ತದೆ. ಆ ವರ್ಷ ಸುರಂಗದಲ್ಲಿ ಹೂಳು ಕಟ್ಟಿತು. ತೊಟ್ಟಿಯಲ್ಲಿ ಉಳಿದದ್ದು ಎರಡು ದಿನದ ನೀರು. ಮನುಷ್ಯರು ನುಸುಳಲಾಗದ ಆ ಜಾಗಕ್ಕೆ ಹೋಗಬಲ್ಲದ್ದು ಒಂದೇ: ಶಾಲೆಯ ರೊಬೋಟ್ ತಂಡ ಕಟ್ಟಿದ, ತೆವಳಿಕೊಂಡು ಹೂಳು ಬಾಚುವ ‘ಉಡ’. ನೀಲವ್ವ ಆ ತಂಡದ ನಾಯಕಿ. ಆದರೆ ಮಕ್ಕಳ ಯಂತ್ರ ನಡೆಯುವಾಗ ಅದರ ‘ತಡೆಹಗ್ಗ’ವನ್ನು ಶಾಲೆಯ ಮೇಷ್ಟ್ರೊಬ್ಬರು ಹಿಡಿದಿರಬೇಕೆಂದು ಕಾಯಿದೆ. ಎಳೆದರೆ ಯಂತ್ರ ನಿಲ್ಲುತ್ತದೆ, ಅಷ್ಟೇ.

ಹಿಡಿಯುವವರೇ ಸಿಗಲಿಲ್ಲ. ನಮ್ಮಲ್ಲಿ ಮೇಷ್ಟ್ರುಗಳನ್ನು ‘ಉತ್ತರದವರು’, ಅಂದರೆ ಯಾವ ಪ್ರಶ್ನೆಗೂ ಉತ್ತರ ಬಲ್ಲವರು, ಎನ್ನುತ್ತಾರೆ. ಮಕ್ಕಳ ಮುಂದೆ ಗೊತ್ತಿಲ್ಲ ಎಂದರೆ ಅವರ ಮಾನ ಹೋದಂತೆ. ನೀಲವ್ವ ಮನೆಮನೆಗೆ ಹೋಗಿ, ಮರ್ಯಾದೆಗೆಂದು, ಬಂದು ನಮಗೆ ರೊಬೋಟ್ ಕಲಿಸಿ ಎಂದು ಕೇಳಿದಳು. ಆ ‘ಕಲಿಸಿ’ ಎಂಬ ಮಾತೇ ಕೆಲಸ ಕೆಡಿಸಿತು. ಒಬ್ಬರಿಗೆ ಮೊಣಕಾಲು ನೋವು ಬಂತು. ಗಣಿತದ ಮೇಷ್ಟ್ರಂತೂ ಬಾಗಿಲ ಹಿಂದೆ ನಿಂತು, ತಾವು ಮನೆಯಲ್ಲಿಲ್ಲವೆಂದು ತಾವೇ ಹೇಳಿದರು.

ಕೊನೆಯ ಮನೆ ಚರಿತ್ರೆಯ ಕಾಶೀಬಾಯಿ ಟೀಚರದು. ಅಷ್ಟರಲ್ಲಿ ತೊಟ್ಟಿಯ ತಳ ಕಾಣತೊಡಗಿತ್ತು. ನೀಲವ್ವನಲ್ಲಿ ಮರ್ಯಾದೆಯ ಮಾತು ಉಳಿದಿರಲಿಲ್ಲ.

“ಟೀಚರ್, ನಿಮಗ ಇದು ಬರೂದಿಲ್ಲಂತ ನಮಗ ಗೊತ್ತೈತ್ರಿ. ಸುಮ್ನ ಬಂದು ಹಗ್ಗ ಹಿಡ್ಕೊಂಡು ಕುಂದರ್ರಿ.”

ಟೀಚರ್ ಚಪ್ಪಲಿ ಮೆಟ್ಟಿದರು. “ಇಷ್ಟ ಹೇಳಾಕ ಊರೆಲ್ಲಾ ಸುತ್ತಿ ಬಂದ್ಯಾ?”

ಉಡ ಕತ್ತಲೆಗೆ ಇಳಿಯಿತು. ಮಕ್ಕಳ ಕಣ್ಣು ಪರದೆಯ ಮೇಲೆ, ಟೀಚರ ಕೈ ಹಗ್ಗದ ಮೇಲೆ. ಆ ದೀಪ ಯಾಕೆ, ಈ ಸದ್ದು ಏನು ಎಂದು ಅವರು ಕೇಳುತ್ತಲೇ ಇದ್ದರು. ಮಕ್ಕಳು ಹಲ್ಲು ಕಚ್ಚಿ ಉತ್ತರ ಕೊಟ್ಟರು. ನಡುವೆ ಮತ್ತೊಂದು ಪ್ರಶ್ನೆ ಬಂತು.

“ಈ ಹಗ್ಗ ಯಾಕ ನಡಗಾಕ್ಹತ್ತೈತಿ?”

ಪರದೆಯಲ್ಲಿ ಎಲ್ಲವೂ ಸರಿಯಿತ್ತು. ನೀಲವ್ವ ಹಗ್ಗವನ್ನು ಮುಟ್ಟಿ ನೋಡಿದಳು. “ಗೊತ್ತಿಲ್ರಿ. ಎಳೀರಿ.”

ಟೀಚರ್ ಎಳೆದರು. ಉಡ ನಿಂತಿತು. ಅದು ಇನ್ನೊಂದು ಹೆಜ್ಜೆ ಇಡಬೇಕಿದ್ದ ಜಾಗದಲ್ಲಿ, ಅಷ್ಟು ಹೊತ್ತು ಅದುರುತ್ತಿದ್ದ ಸುರಂಗದ ಚಾವಣಿ ಕುಸಿಯಿತು. ಧೂಳು ಇಳಿದ ಮೇಲೆ ಪರದೆಯಲ್ಲಿ ಉಡದ ದೀಪ ಇನ್ನೂ ಉರಿಯುತ್ತಿತ್ತು. ಕಲ್ಲುಗಳನ್ನು ಒಂದೊಂದಾಗಿ ಸರಿಸುತ್ತ ಅದು ಮುಂದೆ ಹೋಯಿತು. ತೊಟ್ಟಿ ಒಣಗುವ ಮೊದಲೇ ನೀರು ಬಂತು.

ನನ್ನ ಬೇಡಿಕೆ ಇಷ್ಟೇ. ನಿಮ್ಮ ಶಾಲೆಯ ಮಕ್ಕಳು ರೊಬೋಟ್ ತಂಡ ಕಟ್ಟಿ ನಿಮ್ಮ ಬಾಗಿಲಿಗೆ ಬಂದರೆ, ನನಗೆ ಬರುವುದಿಲ್ಲವೆಂದು ಹಿಂದೆ ಸರಿಯಬೇಡಿ. ಹೋಗಿ ಕೂತು, ಕೇಳಿ.

ನೀಲವ್ವನ ಕತೆ ಕೇಳಿದ ಪಕ್ಕದೂರಿನ ಮೇಷ್ಟ್ರುಗಳು ಸಂತೆ ಮುಗಿಸಿ ತಮ್ಮೂರಿಗೆ ಹೋದರು. ಮರುದಿನ ಬೆಳಿಗ್ಗೆ ಅವರ ಶಾಲೆಯ ಮಕ್ಕಳು ರೊಬೋಟ್ ಶೆಡ್ಡಿಗೆ ಬಂದಾಗ ಆ ಮೇಷ್ಟ್ರುಗಳಲ್ಲಿ ಮೂವರು ಮೆಟ್ಟಿಲ ಮೇಲೆ ಕೂತಿದ್ದರು. ಒಬ್ಬರು ಮನೆಯಿಂದ ಬಾವಿಹಗ್ಗ ತಂದಿದ್ದರು. ಹಿಡಿಯಬೇಕಾದದ್ದು ಇದೇ ಹಗ್ಗವೋ ಬೇರೆಯೋ ಎಂದು ಮಕ್ಕಳನ್ನೇ ಕೇಳಿದರು.