ಬಾಣಲೆ ಕಳಿಸಲು ತಡವಾದದ್ದಕ್ಕೆ

ಮಗಳೇ,

ಚೆನ್ನಾಗಿದ್ದೀಯಾ? ನಾನೂ ನಿನ್ನ ಅತ್ತೆಯೂ ಇದ್ದೇವೆ. ಮೊದಲು ತಪ್ಪೊಪ್ಪಿಕೊಂಡುಬಿಡುತ್ತೇನೆ, ಮಿಕ್ಕ ಮಾತು ಆಮೇಲೆ.

ನಿನ್ನ ಕಬ್ಬಿಣದ ಬಾಣಲೆ ಕಳಿಸಿಕೊಡಿ ಎಂದು ನೀನು ಮೂರು ಸಲ ಫೋನು ಮಾಡಿದೆ. ಮೊದಲ ಸಲ ನಾನು, ಹಿಡಿ ಸಡಿಲವಾಗಿದೆ, ರಿಪೇರಿಗೆ ಕೊಟ್ಟಿದ್ದೇನೆ ಎಂದೆ. ಎರಡನೇ ಸಲ, ಪಕ್ಕದ ಮನೆಯವರು ಒಯ್ದಿದ್ದಾರೆ ಎಂದೆ. ಮೂರನೇ ಸಲ ಏನೂ ತೋಚದೆ, ರಿಪೇರಿಯವನು ಊರಲ್ಲಿಲ್ಲ ಎಂದುಬಿಟ್ಟೆ. ಪಕ್ಕದ ಮನೆಯಲ್ಲಿದ್ದ ಬಾಣಲೆ ಮತ್ತೆ ಅವನ ಕೈಗೆ ಹೇಗೆ ಹೋಯಿತೆಂದು ನೀನು ಕೇಳಲಿಲ್ಲ. ಅದು ನಿನ್ನ ದೊಡ್ಡ ಗುಣ. ನಲವತ್ತು ವರ್ಷ ದರ್ಜಿ ಅಂಗಡಿಯಲ್ಲಿ ಕೂತು, ಗುಂಡಿ ಹಾಕೋದೊಂದೇ ಬಾಕಿ, ನಾಳೆ ಬನ್ನಿ ಎಂದು ಗಿರಾಕಿಗಳಿಗೆ ಹೇಳಿದವನು ನಾನು. ನಿನ್ನ ಹತ್ತಿರ ಮಾತ್ರ ಒಂದು ಸುಳ್ಳನ್ನೂ ನೆಟ್ಟಗೆ ಹೊಲಿಯಲಾಗಲಿಲ್ಲ.

ಬಾಣಲೆ ಎಲ್ಲೂ ಹೋಗಿಲ್ಲ. ನಮ್ಮ ಒಲೆಯ ಪಕ್ಕದಲ್ಲೇ ಇದೆ. ನೀನೂ ನಮ್ಮ ಮಗನೂ ಬೇರೆಯಾದಿರಿ, ಕಾಗದಗಳಿಗೆ ಸಹಿ ಬಿತ್ತು. ಅವನು ಬೇರೆ ಊರಿಗೆ ಹೋದ. ನಿನ್ನ ಬಟ್ಟೆ, ಪುಸ್ತಕ, ಕುರ್ಚಿ ಎಲ್ಲ ನಿನ್ನ ಮನೆ ಸೇರಿದವು. ನಿನ್ನದೆಂದು ಇಲ್ಲಿ ಉಳಿದದ್ದು ಇದೊಂದೇ. ಇದೂ ಹೋದರೆ ನೀನು ನಮಗೆ ಫೋನು ಮಾಡಲು ಕಾರಣವೇ ಇರುವುದಿಲ್ಲವಲ್ಲ ಎಂದು ಹಿಡಿದಿಟ್ಟುಕೊಂಡೆ.

ಪ್ರತಿ ಭಾನುವಾರ ನೀನು ನೂಡಲ್ಸ್ ಮಾಡುತ್ತಿದ್ದುದು ನೆನಪಿದೆಯಲ್ಲ? ಕ್ಯಾರೆಟ್, ಎಲೆಕೋಸು, ದಪ್ಪ ಮೆಣಸಿನಕಾಯಿ ಹೆಚ್ಚುವುದು ನನ್ನ ಪಾಲು. 'ಮಾವ, ಇದು ಪ್ಯಾಂಟಿನ ಪಟ್ಟಿ ಅಲ್ಲ, ಇನ್ನೂ ಸಣ್ಣಕ್ಕೆ ಹೆಚ್ಚಿ' ಎನ್ನುತ್ತಿದ್ದೆ. ನೀನು ಉರಿ ದೊಡ್ಡದು ಮಾಡಿ, ಬಾಣಲೆ ಹೊಗೆಯಾಡುವ ತನಕ ಕಾದು, ಒಂದೊಂದೇ ತಟ್ಟೆಗಾಗುವಷ್ಟು ಹುರಿಯುತ್ತಿದ್ದೆ. ಅದು ನಿನ್ನ ಅತ್ತೆಗೆ ಹಿಡಿಸುತ್ತಿರಲಿಲ್ಲ. 'ಹೋಟೆಲಿನ ಹಾಗೆ ಒಬ್ಬೊಬ್ಬರಿಗೇ ಕೊಟ್ರೆ ಎಲ್ಲ ಒಟ್ಟಿಗೆ ಕೂತು ತಿನ್ನೋದು ಯಾವಾಗ?' ಎಂದು ಗೊಣಗುತ್ತಿದ್ದಳು. 'ಎಲ್ಲ ಒಟ್ಟಿಗೆ ಸುರಿದ್ರೆ ಬಾಣಲೆ ತಣ್ಣಗಾಗುತ್ತೆ ಅತ್ತೆ. ಆಮೇಲೆ ಅದು ಹುರಿದ ಹಾಗಾಗಲ್ಲ, ಬೇಯುತ್ತೆ' ಎಂದು ನೀನು ನಗುತ್ತಿದ್ದೆ.

ಮೊನ್ನೆ ಭಾನುವಾರ ಮನೆ ತೀರಾ ಬಿಕೋ ಅನ್ನಿಸಿ ನಾನೇ ಒಲೆಯ ಮುಂದೆ ನಿಂತೆ. ನೂಡಲ್ಸ್ ಬೇಯಿಸಿದೆ, ತಣ್ಣೀರು ಹಾಯಿಸಿದೆ, ಎಣ್ಣೆ ಸವರಿದೆ. ಅಲ್ಲಿಯತನಕ ಎಲ್ಲ ಸರಿ. ಇಬ್ಬರಿಗೆ ತಾನೇ ಎಂದು ಒಟ್ಟಿಗೇ ಸುರಿದೆ ನೋಡು, ಎಲ್ಲ ಮುದ್ದೆಯಾಗಿ ಕೂತಿತು. 'ಇದೇನು ತಿನ್ನೋದಕ್ಕಾ, ಗೋಡೆಗೆ ಕಾಗದ ಅಂಟಿಸೋದಕ್ಕಾ?' ಎಂದಳು ನಿನ್ನ ಅತ್ತೆ.

ಹಟ ಬಂತು. ಮತ್ತೆ ನೂಡಲ್ಸ್ ಬೇಯಿಸಿ, ಈ ಸಲ ನಿನ್ನ ಹಾಗೆ ಅವಳೊಬ್ಬಳಿಗೆ ಹುರಿದುಕೊಟ್ಟೆ. ಅರ್ಧ ತಟ್ಟೆ ಮುಗಿಸಿ 'ಪರವಾಗಿಲ್ಲ' ಎಂದಳು. ಅವಳ ಬಾಯಲ್ಲಿ ಆ ಮಾತಿಗೆ ಎಷ್ಟು ತೂಕವೆಂದು ನಿನಗೆ ಗೊತ್ತು. ನನ್ನ ಪಾಲು ಹುರಿದು ತಿರುಗುವಷ್ಟರಲ್ಲಿ ಅವಳು ತಿಂದು, ತಟ್ಟೆ ತೊಳೆದು, ಒಳಗೆ ಹೋಗಿ ಮಲಗಿದ್ದಳು. ದಪ್ಪ ಮೆಣಸಿನಕಾಯಿ ಖಾಲಿಯಾಗಿತ್ತು. ಚೂರುಪಾರು ಎಲೆಕೋಸು, ತುಂಡಾದ ಎಳೆಗಳು, ಅಷ್ಟೇ ಮಿಕ್ಕಿದ್ದು. ಒಲೆಯ ಬಳಿ ನಿಂತೇ ತಿನ್ನತೊಡಗಿದೆ. ಮೂರನೇ ತುತ್ತಿಗೆ ತಟ್ಟೆ ಕೆಳಗಿಟ್ಟುಬಿಟ್ಟೆ, ಮಗಳೇ.

ನಾಲ್ಕು ವರ್ಷ. ನಾವು ಮೂವರೂ ಬಿಸಿಬಿಸಿಯಾಗಿ ತಿಂದು ಏಳುತ್ತಿದ್ದೆವು. ನಾಲ್ಕನೆಯ ತಟ್ಟೆ ಯಾವಾಗಲೂ ನಿನ್ನದು. ನೀನು ಎಲ್ಲಿ ತಿಂದೆ, ಏನು ಮಿಕ್ಕಿತ್ತು, ಯಾರೂ ನೋಡಲಿಲ್ಲ. ಇವತ್ತು ನೀನು ಕೂತ್ಕೋ, ನಾನು ಹುರೀತೀನಿ ಎಂದು ನಮ್ಮ ಮೂವರಲ್ಲಿ ಒಬ್ಬರಿಗೂ ಬಾಯಿ ಬರಲಿಲ್ಲ. ನೀವಿಬ್ಬರು ಬೇರೆಯಾದದ್ದು ಯಾತಕ್ಕೆಂದು ನಾನು ಕೇಳಿರಲಿಲ್ಲ. ಈಗಲೂ ಕೇಳುವುದಿಲ್ಲ. ಆದರೆ ಈ ಒಂದು ತಪ್ಪಿನಲ್ಲಿ ನನ್ನ ಪಾಲಿದೆ.

ಸಂಜೆ ನಿನ್ನ ಅತ್ತೆಗೆ ಹೇಳಿದೆ. ಎದ್ದು ಹೋಗಿ ಬಾಣಲೆಯನ್ನು ತಿಕ್ಕಿ ತೊಳೆದು ಒರೆಸಿದಳು. ಆಮೇಲೆ, 'ಅವಳದ್ದು ಅವಳಿಗೆ ಕಳಿಸಿಬಿಡಿ. ಅದನ್ನೂ ನಾವೇ ಇಟ್ಕೊಳ್ಳೋದು ಬೇಡ' ಎಂದಳು.

ದಪ್ಪ ಬಟ್ಟೆಯಲ್ಲಿ ಬಾಣಲೆಯ ಅಳತೆಗೇ ಒಂದು ಚೀಲ ಹೊಲಿದಿದ್ದೇನೆ, ಎರಡೆರಡು ಹೊಲಿಗೆ ಹಾಕಿ. ನಾಳೆ ಬೆಳಿಗ್ಗೆ ಪಾರ್ಸೆಲ್ ಹೊರಡುತ್ತದೆ, ಈ ಕಾಗದ ಅದರೊಳಗೇ ಇರುತ್ತದೆ. ಇನ್ನು ಈ ಮನೆಯಿಂದ ನಿನಗೆ ಬರಬೇಕಾದ ವಸ್ತು ಯಾವುದೂ ಇಲ್ಲ. ಮುಂದೆ ಯಾವತ್ತಾದರೂ ನಿನ್ನ ಫೋನು ಬಂದರೆ, ಅದು ನಮಗಾಗಿಯೇ ಬಂದದ್ದು ಎಂದು ಹಿಗ್ಗುತ್ತೇವೆ. ಬರದಿದ್ದರೆ, ಎಲ್ಲೋ ಯಾರೋ ನಿನಗೆ ಮೊದಲ ತಟ್ಟೆ ಕೊಟ್ಟಿದ್ದಾರೆ, ನೀನು ಕೂತು ತಿನ್ನುತ್ತಿದ್ದೀಯ, ಅದಕ್ಕೇ ಪುರುಸೊತ್ತಿಲ್ಲ ಎಂದುಕೊಳ್ಳುತ್ತೇವೆ.

ಹೊಟ್ಟೆ ತುಂಬಾ ತಿಂದುಕೊಂಡು, ನೂರು ಕಾಲ ಸುಖವಾಗಿ ಬಾಳು ತಾಯಿ.

ಯಾವ ಕಾಗದಕ್ಕೂ ಸಹಿ ಹಾಕದ,
ನಿನ್ನ ಮಾವ