ಹಕ್ಕಿ ಕುಕ್ಕಿದ ಹಣ್ಣು

ಅಕ್ಕನಿಗೆ,

ಅಮ್ಮ ಸರಿಯಾಗಿ ಊಟ ಮಾಡುತ್ತಿದ್ದಾಳೆಯೇ ಎಂದು ನೀನು ಕೇಳಿದ್ದೆ. ನಲವತ್ತು ವರ್ಷದ ಹಣ್ಣಿನ ಅಂಗಡಿ ಮುಚ್ಚಿ ನನ್ನಲ್ಲಿಗೆ ಬಂದಾಗಿನಿಂದ ಅವಳು ಎರಡು ತುತ್ತಿಗೇ ಕೈ ತೊಳೆಯುತ್ತಿದ್ದಳು. ನಿನಗೆ ಗಾಬರಿಯಾದೀತೆಂದು ಬರೆದಿರಲಿಲ್ಲ.

ನಿನ್ನೆ ಒಳ್ಳೆಯ ಬಿಸಿಲಿತ್ತು. ಊರಾಚೆಯ ಪ್ಲಮ್ ತೋಟಕ್ಕೆ ಕರೆದುಕೊಂಡು ಹೋದೆ. ಅಲ್ಲಿ ಬಾಗಿಲಲ್ಲೇ ಬುಟ್ಟಿ ಕೊಡುತ್ತಾರೆ. ಬೇಕಾದ ಹಣ್ಣನ್ನು ನಾವೇ ಕಿತ್ತುಕೊಳ್ಳಬೇಕು, ಮರದಡಿ ನಿಂತು ಎಷ್ಟಾದರೂ ತಿನ್ನಬಹುದು. ಒಂದು ಗಂಟೆ ಕಳೆದು ಅಮ್ಮನ ಬುಟ್ಟಿ ನೋಡಿದರೆ ಹಕ್ಕಿ ಕುಕ್ಕಿದ್ದು, ಬಿರಿದದ್ದು, ಬಿದ್ದು ಜಜ್ಜಿಹೋದದ್ದು. ಒಂದೂ ನೆಟ್ಟಗಿರಲಿಲ್ಲ.

ತೋಟದ ಹೆಂಗಸು ಇಣುಕಿ, "ಏನಜ್ಜಿ, ಕೋಳಿಗೆ ಹಾಕೋಕಾ?" ಎಂದಳು.

"ಅಲ್ಲಮ್ಮ, ಮನೆಗೆ. ಒಳ್ಳೇದನ್ನ ಗಿರಾಕಿಗೆ ಬಿಟ್ಟಿದೀನಿ."

"ಇವತ್ತು ಗಿರಾಕಿ ನೀವೇ ಅಲ್ವಾ?"

ಅಮ್ಮ ಬುಟ್ಟಿ ಕೆಳಗಿಟ್ಟು ಕೊಂಬೆಯಿಂದ ಒಂದು ದುಂಡನೆಯ ಹಣ್ಣು ಕಿತ್ತು, ಸೆರಗಿನಲ್ಲಿ ಒರೆಸಿ, ನನ್ನ ಕಡೆಗೆ ಚಾಚಿದಳು. ನಾನು ಕೈ ಹಿಂದಕ್ಕೆ ಕಟ್ಟಿಕೊಂಡೆ. ಕೊನೆಗೆ ತಾನೇ ಕಚ್ಚಿದಳು. ರಸ ಮೊಣಕೈವರೆಗೆ ಇಳಿಯಿತು. ಒಟ್ಟು ಐದು ತಿಂದಳು, ಇವತ್ತು ಬೆಳಿಗ್ಗೆ ತಿಂಡಿಯನ್ನೂ ಕೇಳಿ ಹಾಕಿಸಿಕೊಂಡಳು.

ಅಮ್ಮನ ಮಂಡಿನೋವು ಕಡಿಮೆಯಾಗಿದೆ. ನೀನು ಕಳಿಸಿದ್ದ ನೋವಿನೆಣ್ಣೆ ಇನ್ನೊಂದು ಸೀಸೆ ಕಳಿಸು. ಕಾರ್ಡಿನಲ್ಲಿ ಇನ್ನು ಎರಡು ಸಾಲಿಗೆ ಜಾಗವಿದೆ. ಬಸ್ಸಿನಲ್ಲಿ ಬರುವಾಗ ಅಮ್ಮ ಹೇಳಿದ್ದು ಇಷ್ಟೇ: "ಇಷ್ಟು ವರ್ಷ ಇಂಥ ಹಣ್ಣನ್ನ ಎಷ್ಟು ಅಗ್ಗಕ್ಕೆ ಕೊಟ್ಟುಬಿಟ್ಟೆ ನೋಡೇ."

ನಿನ್ನ ತಂಗಿ