ದೊಡ್ಡ ಮೆಷಿನ್ ಮಾರುವ ಮೊದಲು

ತಮ್ಮಾ,

ನಿನ್ನ ಕಾಗದ ಬಂತು. ಅದರಲ್ಲಿ ರೂಮಿನ ಫ್ಯಾನ್ ಇದೆ, ಕೊಡೆ ಕಳೆದದ್ದಿದೆ, ಓದಿನ ಸುದ್ದಿ ಮಾತ್ರ ಇಲ್ಲ.

ನಿನ್ನ ಕೊನೆಯ ವರ್ಷದ ಫೀಸು ಕಟ್ಟಲು ಲಾಂಡ್ರಿಯ ದೊಡ್ಡ ಮೆಷಿನ್ ಮಾರಲು ಹೊರಟಿದ್ದೇನೆ. ಕೊಳ್ಳುವವರು ಸೋಮವಾರ ಬರುತ್ತಾರೆ. ಅದು ಹೋದರೆ ಹೋಟೆಲಿನವರ ಚಾದರಗಳೂ ಹೋದವು. ಉಳಿಯುವುದು ಬೀದಿಯವರ ಶರ್ಟುಗಳಷ್ಟೇ.

ಮೊನ್ನೆ ಇಸ್ತ್ರಿ ಕೆಲಸ ಕೇಳಿಕೊಂಡು ಒಬ್ಬಳು ಬಂದಳು. ಏನು ಓದಿದ್ದೀಯಮ್ಮಾ ಅಂದರೆ, ನೀನು ಓದುತ್ತಿರುವುದನ್ನೇ ಹೇಳಿದಳು.

“ಅಕ್ಕಾ, ಇಲ್ಲಿ ಪ್ರಮೋಷನ್ ಇದೆಯಾ?” ಅಂದಳು.

“ಯಾಕಿಲ್ಲ, ಚಾದರದಿಂದ ಶರ್ಟಿಗೆ ಹೋಗಬಹುದು” ಅಂದೆ.

ಇಬ್ಬರೂ ನಕ್ಕೆವು. ಆಮೇಲೆ ನನಗೆ ಊಟ ಸೇರಲಿಲ್ಲ.

ಗಿರಾಕಿ ಕಲೆಯಾದ ಬಟ್ಟೆ ತಂದರೆ ನಾನು ದಾಕ್ಷಿಣ್ಯ ನೋಡದೆ ಹೇಳಿಬಿಡುತ್ತೇನೆ: ಈ ಕಲೆ ಹೋಗುತ್ತೆ, ಇದು ಹೋಗಲ್ಲ. ನೀನೂ ಹಾಗೇ ಹೇಳು. ಆ ಪದವಿಯಿಂದ ನಿನಗೊಂದು ಕೆಲಸ ಸಿಗುತ್ತದೋ, ಇಲ್ಲವೋ? ಇಲ್ಲ ಅಂದರೆ ಬೈಯುವುದಿಲ್ಲ. ವಾಪಸ್ಸು ಬಾ, ಇಲ್ಲಿ ಇಬ್ಬರಿಗಾಗುವಷ್ಟು ಕೆಲಸವಿದೆ. ಗೊತ್ತಿಲ್ಲ ಅಂದರೂ ಸರಿಯೇ, ಹಾಗಂತಲೇ ಬರೆ.

ಅಕ್ಕನಿಗೆ ನೋವಾಗುತ್ತದೆಂದು ಸುಮ್ಮನಿರಬೇಡ ಮಾರಾಯ. ನೀನು ಸುಮ್ಮನಿದ್ದರೆ ನಾನು ಅದನ್ನೇ ಹೂಂ ಅಂತ ತಿಳಿದು ಮಾರಿಬಿಡುತ್ತೇನೆ. ನನ್ನ ಬುದ್ಧಿ ನನಗೆ ಗೊತ್ತು.

ಕಾಗದದ ದಾರಿ ನೋಡುತ್ತಿರುವ,
ನಿನ್ನ ಅಕ್ಕ